ಪಿಕಪ್ಪಿನ ಎಂಟು ಬೋಲ್ಟುಗಳು

24 ಆಗಸ್ಟ್ 2008, ಭಾನುವಾರ

ಇವತ್ತಿನಿಂದ ಈ ಪುಸ್ತಕದಲ್ಲಿ ಆ ಮನುಷ್ಯನನ್ನು ಅಪ್ಪ ಎಂದು ಬರೆಯುವುದಿಲ್ಲ. ವೆಂಕಟರಾಯಪ್ಪನವರು ಎಂದೇ ಬರೆಯುತ್ತೇನೆ. ತೋಟ ಬಿಟ್ಟುಕೊಡುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ದಿನ ಅಧಿಕಾರಿಯ ಮುಂದೆ ಹಾಗೆಯೇ ಓದಿದರಂತೆ: ಮುನಿಶಾಮಪ್ಪನ ಮಗ ವೆಂಕಟರಾಯಪ್ಪ, ಒಂದೂವರೆ ಎಕರೆ ದ್ರಾಕ್ಷಿ ತೋಟ. ನೆಲ ಕಿತ್ತುಕೊಳ್ಳುವವರಿಗೆ ಆ ಹೆಸರು ಸಾಕಾಯಿತು ಎಂದ ಮೇಲೆ ನನಗೂ ಸಾಕು.

ಸಹಿಯ ಸುದ್ದಿ ತಿಳಿದ ಮಾರ್ಚ್ ಹನ್ನೊಂದರಿಂದ ಅವರ ಜೊತೆ ಮಾತಿಲ್ಲ. ಹೇಳಬೇಕಾದ್ದನ್ನು ಅಮ್ಮನಿಗೆ ಹೇಳುತ್ತೇನೆ, ಅವರು ಪಕ್ಕದಲ್ಲೇ ಕೂತಿದ್ದರೂ. ಮೊನ್ನೆ ಅಮ್ಮ ರೇಗಿ, "ನಾನೇನ್ ನಿಮ್ಮಿಬ್ರ ಮಧ್ಯೆ ನೆಟ್ಟಿರೋ ಟೆಲಿಫೋನ್ ಕಂಬಾನಾ?" ಎಂದಳು. ಅಮ್ಮನಿಗೆ ಹೋರಾಟದ ಶಿಸ್ತು ಗೊತ್ತಿಲ್ಲ.

ನನ್ನ ಟ್ರಂಕಿನಲ್ಲಿ ನಲವತ್ತೊಂದು ಕರಪತ್ರಗಳಿವೆ. ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ, ಧರಣಿಯ ಡೇರೆಗಳಲ್ಲಿ, ಒಂದೆರಡು ಕೋರ್ಟಿನ ಮೆಟ್ಟಿಲ ಮೇಲೆ ಸಿಕ್ಕಿದವು. ಡಿಗ್ರಿಯನ್ನು ಎರಡನೇ ವರ್ಷಕ್ಕೇ ಬಿಟ್ಟ ನನಗೆ ಉಳಿದ ಓದೆಲ್ಲ ಅವುಗಳಿಂದಲೇ. ನೆಲ ಬಿಟ್ಟುಕೊಟ್ಟವರ ಮಕ್ಕಳು ಅದೇ ನೆಲದ ಗೇಟು ಕಾಯುತ್ತಾರೆ ಎಂದು ಒಂದರಲ್ಲಿದೆ. ನಮ್ಮ ಮನೆಯಲ್ಲಿ ಮಕ್ಕಳವರೆಗೂ ಹೋಗಲೇ ಇಲ್ಲ. ವೆಂಕಟರಾಯಪ್ಪನವರೇ ಗೇಟು ಕಾಯಲು ಹೊರಟಿದ್ದಾರೆ. ಏರ್‌ಪೋರ್ಟ್ ರಸ್ತೆಯ ಹೊಸ ಹೋಟೆಲಿಗೆ ಗಾರ್ಡುಗಳು ಬೇಕೆಂದು ಕಾಂತರಾಜು ಬಂದು ಹೇಳಿ ಹೋಗಿದ್ದಾನೆ. ಒಪ್ಪಿಗೆ ಪತ್ರ ಹಿಡಿದು ಮನೆಮನೆ ಸುತ್ತಿದವನೂ ಇವನೇ, ಗಾಡಿಗಳಿಗೆ ಎಫ್‌ಸಿ ಮಾಡಿಸಿಕೊಡುವವನೂ ಇವನೇ, ಈಗ ಗಾರ್ಡುಗಳನ್ನು ಸಪ್ಲೈ ಮಾಡುವವನೂ ಇವನೇ.

ಇನ್ನೊಂದು ದಾರಿ ನಮ್ಮ ಹಿತ್ತಲಿನಲ್ಲೇ ನಿಂತಿದೆ. ನಮ್ಮ ಪಿಕಪ್ಪು. 1993ರ ಮಾಡೆಲ್ಲು, ಎರಡು ವರ್ಷದಿಂದ ಓಡಿಲ್ಲ. ತೂಬಗೆರೆಯಲ್ಲಿ ಗುಲಾಬಿ ಬೆಳೆಯುವ ಆದಿನಾರಾಯಣಪ್ಪನವರಿಗೆ ದಿನಾ ಬೆಳಗ್ಗೆ ಹೂವನ್ನು ಸಿಟಿ ಮಾರ್ಕೆಟ್ಟಿಗೆ ಒಯ್ಯಲು ಗಾಡಿ ಬೇಕು. ಸೆಪ್ಟೆಂಬರ್ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಎಫ್‌ಸಿ ಆಗಿ, ಗಾಡಿ ಓಡಲು ಯೋಗ್ಯವೆಂದು ಬ್ರೇಕ್ ಇನ್ಸ್‌ಪೆಕ್ಟರು ಬರೆದುಕೊಟ್ಟಿರಬೇಕು. ಎಂಜಿನ್ನಿಗೆ ತೊಂದರೆಯಿಲ್ಲ. ಆದರೆ ಸೀಟುಗಳ ಕೆಳಗಿನ ತಗಡು ತೂತು ಬಿದ್ದಿದೆ. ಕುಂದಾಣ ಕ್ರಾಸಿನ ವೆಲ್ಡರ್ ಮುನಿಸ್ವಾಮಿ, "ಸೀಟ್ ಬಿಚ್ಕೊಂಡ್ ಬನ್ನಿ, ಹಾಕ್ಕೊಡ್ತೀನಿ. ಸ್ಪಂಜಿಗೆ ಬೆಂಕಿ ಹತ್ಕೊಂಡ್ರೆ ಗಾಡೀನೂ ಇಲ್ಲ, ನಾನೂ ಇಲ್ಲ" ಎಂದಿದ್ದಾನೆ.

ಎರಡು ಸೀಟು, ಒಂದೊಂದಕ್ಕೆ ನಾಲ್ಕು ಬೋಲ್ಟು. ಎಂಟೂ ತುಕ್ಕು ಹಿಡಿದು ತಗಡಿನ ಜೊತೆ ಒಂದಾಗಿ ಹೋಗಿವೆ. ನಾಳಿದ್ದಿನಿಂದ ನಾನು ಕೈ ಹಾಕುತ್ತೇನೆ. ಅವರಿಗಾಗಿ ಅಲ್ಲ. ನಮ್ಮಂಥವರ ನೆಲದ ಮೇಲೆ ಎದ್ದ ಗೇಟಿನಲ್ಲಿ ನಮ್ಮೂರಿನ ಮನುಷ್ಯನೊಬ್ಬ ಕಾರುಗಳಿಗೆ ಸಲಾಮು ಹೊಡೆಯಬಾರದು. ಇದು ತತ್ವದ ಪ್ರಶ್ನೆ.

26 ಆಗಸ್ಟ್, ಮಂಗಳವಾರ

ಬೋಲ್ಟಿನ ತಲೆ ಒಳಗೆ ಸೀಟಿನ ಕಾಲ ಹತ್ತಿರ ಇದೆ, ನಟ್ಟು ಗಾಡಿಯ ಹೊಟ್ಟೆಯ ಕೆಳಗೆ. ಒಬ್ಬರು ಮಣ್ಣಿನಲ್ಲಿ ಮಲಗಿ ನಟ್ಟನ್ನು ಸ್ಪ್ಯಾನರಿನಿಂದ ಹಿಡಿದಿರಬೇಕು, ಇನ್ನೊಬ್ಬರು ಮೇಲಿನಿಂದ ತಿರುಗಿಸಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಅಮ್ಮನ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿವೆ. ಹಾಗಾಗಿ ನಾನು ಮೇಲೆ, ವೆಂಕಟರಾಯಪ್ಪನವರು ಕೆಳಗೆ.

ಗೋಣಿಚೀಲ ಹಾಸಿಕೊಂಡು ಒಳಗೆ ಜರುಗುವ ಮೊದಲು ಅವರು ನನ್ನ ಕಡೆ ನೋಡದೆ ಹೇಳಿದರು: "ಮಾತಾಡ್ಬೇಡ ಬಿಡವ್ವ, ಬಲವಂತ ಇಲ್ಲ. ಕೆಳಗಿಂದ ಒಂದ್ಸಲ ಕುಟ್ಟಿದ್ರೆ ಹಿಡ್ಕೊಂಡಿದೀನಿ ಅಂತ. ಎರಡ್ಸಲ ಕುಟ್ಟಿದ್ರೆ ತಿರುಗ್ಸು ಅಂತ. ಕುಟ್ತಾನೇ ಇದ್ರೆ ಕೈ ಸಿಕ್ಕಾಕ್ಕೊಂಡಿದೆ, ನಿಮ್ಮಮ್ಮನ್ನ ಕರಿ."

ವ್ಯವಸ್ಥೆ ಒಪ್ಪಬಹುದಾದ್ದು. ಮೌನಕ್ಕೆ ಭಂಗವಿಲ್ಲ.

ಹನ್ನೆರಡು ವರ್ಷ ಈ ಗಾಡಿ ಹೊತ್ತದ್ದು ಕೋಳಿ ಗೊಬ್ಬರ. ಫಾರಂಗಳಲ್ಲಿ ತುಂಬಿಕೊಂಡು ಕುಂದಾಣದ ಸುತ್ತಿನ ದ್ರಾಕ್ಷಿ ತೋಟಗಳಿಗೆಲ್ಲ ಹಾಕುತ್ತಿತ್ತು. ಗೊಬ್ಬರ ಬಳ್ಳಿಗೆ ಹೋಯಿತು, ಅದರ ಖಾರ ಕಬ್ಬಿಣಕ್ಕೆ ಇಳಿಯಿತು. ಇವತ್ತಿಗೂ ಕ್ಯಾಬಿನ್ನಿನೊಳಗೆ ಅದೇ ವಾಸನೆ. ಹೈಸ್ಕೂಲಿನಲ್ಲಿದ್ದಾಗ ಈ ಗಾಡಿಯಲ್ಲಿ ಬಿಟ್ಟುಹೋಗಲು ಬಂದರೆ ಸ್ಕೂಲಿನ ಗೇಟಿನಿಂದ ದೂರದಲ್ಲೇ ಇಳಿದುಕೊಳ್ಳುತ್ತಿದ್ದೆ. ಅದು ಶ್ರಮಕ್ಕೆ ಮಾಡಿದ ಅವಮಾನ. ಆಗ ನನಗೆ ತಿಳಿವಳಿಕೆ ಇರಲಿಲ್ಲ.

ಎರಡು ಗಂಟೆ ಹೆಣಗಿದೆವು. ಎಂಟರಲ್ಲಿ ಒಂದೂ ಅಲುಗಲಿಲ್ಲ.

30 ಆಗಸ್ಟ್, ಶನಿವಾರ

ಮೂರು ದಿನದಿಂದ ಸೀಮೆಎಣ್ಣೆಗೆ ಹಳೇ ಎಂಜಿನ್ ಆಯಿಲ್ ಬೆರೆಸಿ ಹೊತ್ತು ಹೊತ್ತಿಗೆ ಬೋಲ್ಟುಗಳಿಗೆ ಬಿಡುತ್ತಿದ್ದೇವೆ. ಸ್ಟೌವಿಗೆಂದು ಅಮ್ಮ ಎತ್ತಿಟ್ಟಿದ್ದ ರೇಷನ್ ಸೀಮೆಎಣ್ಣೆ. ಇವತ್ತು ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಮೈಭಾರವೆಲ್ಲ ಹಾಕಿದೆ. ಪೈಪು ಬಾಗಿತು.

ಸಂಜೆ ಕರಪತ್ರ ಬರೆಯಲು ಕೂತೆ. ಎಲ್ಲರದನ್ನೂ ಓದಿದ್ದಾಯಿತು, ಇನ್ನು ನನ್ನದೇ ಒಂದು ಬರಬೇಕು. "ಜನತೆಯೇ, ಎದ್ದೇಳು" ಎಂಬಲ್ಲಿಗೆ ನಿಂತಿತು. ಪೈಪು ಜಗ್ಗಿದ ಕೈಗೆ ಅಕ್ಷರ ನೆಟ್ಟಗೆ ಬರಲಿಲ್ಲ.

1 ಸೆಪ್ಟೆಂಬರ್, ಸೋಮವಾರ

ಒಂದು ಬಂತು!

ಕೆಳಗಿನಿಂದ ವೆಂಕಟರಾಯಪ್ಪನವರು ತಗಡಿಗೆ ಹೇಳುವವರ ಹಾಗೆ ಹೇಳಿದರು: "ಬಿಚ್ಚೋ ಕಡೆಗೇ ಜಗ್ಗಿದ್ರೆ ಬರಲ್ಲ. ಮೊದ್ಲು ಒಂದು ಕೂದಲೆಳೆಯಷ್ಟು ಬಿಗಿ ಮಾಡ್ಬೇಕು. ತುಕ್ಕು ಅಲ್ಲೇ ಬಿರುಕು ಬಿಡುತ್ತೆ. ಆಮೇಲೆ ಬಿಚ್ಬೇಕು."

ಬಿಚ್ಚಬೇಕಾದ್ದನ್ನು ಬಿಗಿ ಮಾಡು ಎನ್ನುವುದೇ ರಾಜಿ ಮನೋಭಾವ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದ್ದೂ ಇದೇ ಬುದ್ಧಿ ಎಂದು ರಾಗಿ ಕೇರುತ್ತಿದ್ದ ಅಮ್ಮನಿಗೆ ಹೇಳಿದೆ.

"ನಂಗ್ಯಾಕೆ ಹೇಳ್ತೀಯ, ಬೋಲ್ಟಿಗೆ ಹೇಳು," ಎಂದಳು.

ಕೆಳಗಿನಿಂದ ಎರಡು ಸಲ ಕುಟ್ಟಿದ ಸದ್ದು. ಬಿಗಿ ಮಾಡಿದೆ. ಒಣಕೊಂಬೆ ಮುರಿದಂತೆ ಟಕ್ ಎಂದಿತು. ಹಿಂದಕ್ಕೆ ತಿರುಗಿಸಿದೆ. ತಿರುಗಿತು. ಕಿರುಗುಟ್ಟುತ್ತ, ಕೆಂಪು ಹಿಟ್ಟು ಉದುರಿಸುತ್ತ, ಕಾಲು ಸುತ್ತು, ಅರ್ಧ ಸುತ್ತು. ಮತ್ತೆ ಎಣ್ಣೆ, ಮತ್ತೆ ಹಿಂದೆ ಮುಂದೆ. ಮುಕ್ಕಾಲು ಗಂಟೆಯಾದ ಮೇಲೆ ಕೈಗೆ ಬಂತು. ನಡು ಸವೆದು, ಇಲಿ ಕಡಿದ ಮೆಕ್ಕೆಜೋಳದ ದಂಟಿನ ಹಾಗಿತ್ತು. ಇದು ಇಷ್ಟು ದಿನ ಸೀಟನ್ನು ಹಿಡಿದಿತ್ತೇ ಎಂದು ಆಶ್ಚರ್ಯವಾಯಿತು.

ಅಷ್ಟರಲ್ಲಿ ಕಾಂತರಾಜುವಿನ ಬೈಕು ಬಂತು.

"ಏನಮ್ಮಾ ಲೀಡರ್, ಕ್ರಾಂತಿ ಎಲ್ಲಿಗ್ ಬಂತು? ಸೀಟಿನ ಕೆಳಗಾ?"

ನಾನು ಮುಂದಿನ ಬೋಲ್ಟಿಗೆ ಎಣ್ಣೆ ಬಿಟ್ಟೆ. ಅವನು ಬಗ್ಗಿ ಗಾಡಿಯ ಕೆಳಗೆ ಕಾಣುತ್ತಿದ್ದ ಎರಡು ಕಾಲುಗಳ ಜೊತೆ ಮಾತಾಡಿದ. "ಅಣ್ಣಾ, ಈ ವಯಸ್ಸಲ್ಲಿ ಅಲ್ಲಿ ಮಲ್ಕೊಂಡು ಏನ್ ಹುಡುಕ್ತಿದೀಯ? ಯೂನಿಫಾರ್ಮ್ ಹಾಕ್ಕೊಂಡು ನೆರಳಲ್ಲಿ ನಿಂತ್ಕೊ ಬಾ. ತಿಂಗಳ ಕೊನೇಲಿ ಕಂಪನಿಯೋರಿಗೆ ಲಿಸ್ಟ್ ಕೊಡ್ಬೇಕು."

"ಗಾಡಿ ರೆಡಿ ಆದ್ರೆ ಬೇಡ ಕಣಪ್ಪ. ಆಗ್ದಿದ್ರೆ ಬರ್ತೀನಿ," ಎಂದವು ಕಾಲುಗಳು.

ಆಗದಿದ್ದರೆ ಎನ್ನುವ ಮಾತು ಅವರ ಬಾಯಿಗೆ ಎಷ್ಟು ಸಲೀಸು!

3 ಸೆಪ್ಟೆಂಬರ್, ಬುಧವಾರ

ಗಣೇಶನ ಹಬ್ಬ. ಇವತ್ತು ಕಬ್ಬಿಣ ಮುಟ್ಟಬೇಡಿ ಎಂದು ಅಮ್ಮನ ಆಜ್ಞೆ. ಮಧ್ಯಾಹ್ನ ಅವಳು ಕಡುಬು ಕೊಡಲು, ಮನೆಗೂ ತೋಟಕ್ಕೂ ನೆರೆಯವಳಾದ ಮಾರಕ್ಕನ ಮನೆಗೆ ಹೋದಾಗ ವೆಂಕಟರಾಯಪ್ಪನವರು ಕದ್ದು ಹೋಗಿ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಬಂದರು. ನಾನು ನೋಡಿದೆ. ಅಮ್ಮನಿಗೆ ಹೇಳಲಿಲ್ಲ.

6 ಸೆಪ್ಟೆಂಬರ್, ಶನಿವಾರ

ಮೂರು ಬಂದವು. ನಾಲ್ಕನೆಯದರ ತಲೆ ಸವೆದು ಸ್ಪ್ಯಾನರಿಗೆ ಸಿಗಲಿಲ್ಲ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದೆ. ತುಕ್ಕಿನ ಚೂರು ತೂತಿನಿಂದ ಉದುರಿ ಕೆಳಗಿದ್ದ ಅವರ ಕಣ್ಣಿಗೆ ಬಿತ್ತು. ಅವರು ಕುಟ್ಟಲಿಲ್ಲ, ಕೂಗಲಿಲ್ಲ. ಹಿಮ್ಮಡಿಗಳು ಮಾತ್ರ ಮಣ್ಣನ್ನು ಒದೆಯುತ್ತಿದ್ದವು.

ಕೆಳಗೆ ಹಾರಿ, ಕಾಲು ಹಿಡಿದು ಈಚೆಗೆ ಎಳೆದೆ. ಉಜ್ಜಬೇಡ, ಉಜ್ಜಬೇಡ ಎಂದು ಕೈ ಹಿಡಿದುಕೊಂಡೆ. ಚೊಂಬಿನಲ್ಲಿ ನೀರು ಹೊಯ್ದು, ದುಪಟ್ಟಾದ ತುದಿಯನ್ನು ಹುರಿ ಮಾಡಿ ಒಂದೊಂದೇ ಕಣ ತೆಗೆದೆ.

"ಕಾಣ್ತಿದೆಯಾ?"

"ಒಂದು ಕಣ್ಣಲ್ಲಿ ನೀನ್ ಕಾಣ್ತಿದೀಯ. ಇನ್ನೊಂದ್ರಲ್ಲಿ ಬರೀ ಹೊಗೆ."

"ಬೆರಳೆಷ್ಟು?"

"ಎಷ್ಟೋ ಇವೆ. ಎಲ್ಲಾ ಕಪ್ಪಗಿವೆ. ಹೋಗಿ ಕೈ ತೊಳ್ಕೊ ಹೋಗು."

ಬಸ್ಸಿಗೆ ದೇವನಹಳ್ಳಿಗೆ ಹೋಗಿ ಕಣ್ಣಿಗೆ ಬಿಡುವ ಔಷಧಿ ತಂದೆ. ಎರಡು ಗಂಟೆಗೊಮ್ಮೆ ಎರಡೆರಡು ತೊಟ್ಟು.

ಇದು ಮಾತಾಡಿದಂತೆ ಆಗುವುದಿಲ್ಲ. ಕೆಲಸದ ಜಾಗದಲ್ಲಿ ಜೊತೆಯವರ ಸುರಕ್ಷತೆ ನೋಡುವುದು ದುಡಿಯುವ ಪ್ರತಿಯೊಬ್ಬರ ಕರ್ತವ್ಯ. ಅದಕ್ಕೆಂದೇ ಒಂದು ಕರಪತ್ರವಿದೆ, ಹಳದಿಯದು. ಮೌನ ಮುಂದುವರಿದಿದೆ.

9 ಸೆಪ್ಟೆಂಬರ್, ಮಂಗಳವಾರ

ಮಳೆ. ಅಪ್ಪನ ಕಣ್ಣು ಇನ್ನೂ ಕೆಂಪಗಿದೆ.

13 ಸೆಪ್ಟೆಂಬರ್, ಶನಿವಾರ

ಡ್ರೈವರ್ ಸೀಟಿನ ನಾಲ್ಕೂ ಮುಗಿದು ಪಕ್ಕದ ಸೀಟಿಗೆ ಬಂದಿದ್ದೇವೆ. ಅಪ್ಪನ ಕಣ್ಣಿಗೆ ಮತ್ತೆ ಏನಾದರೂ ಬಿದ್ದರೆ ಕಷ್ಟವೆಂದು ಈಗ ಕೆಳಗೆ ಮಲಗುವುದು ನಾನು. ಮೇಲಿನಿಂದ ನೋಡುತ್ತಿದ್ದಾಗ ಇದು ಸುಲಭದ ಜಾಗ ಎಂದುಕೊಂಡಿದ್ದೆ. ಮುಖಕ್ಕೆ ಒಂದು ಗೇಣು ಮೇಲೆ ಇಡೀ ಗಾಡಿ. ಕೈ ಎತ್ತಿ ಹಿಡಿದು ಹಿಡಿದು ಹೆಗಲು ಹರಿದುಹೋಗುತ್ತದೆ. ಗೊಬ್ಬರ, ಗ್ರೀಸು, ರಸ್ತೆಯ ಮಣ್ಣು ಸೇರಿ ಕಲ್ಲಾದ ಪದರ ಎಲ್ಲ ಕಡೆ ಅಂಟಿದೆ. ನಟ್ಟಿನ ಸುತ್ತ ಮಾತ್ರ ಕೆರೆದುಕೊಂಡು ಕೆಲಸ ಮಾಡುತ್ತೇವೆ.

ಐದನೆಯದು ಬೆಳಗ್ಗೆಯೇ ಬಂತು. ಆರನೆಯದರ ನಟ್ಟನ್ನು ಆಕ್ಸಾ ಬ್ಲೇಡಿನಿಂದ ಕೊಯ್ಯಬೇಕಾಯಿತು. ಕೊಯ್ಯುತ್ತ ಮಲಗಿದ್ದಾಗ ಅಪ್ಪನ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅಪ್ಪನಿಗೆ ಕಾಣುತ್ತಿರಲಿಲ್ಲ. ತಗಡಿನ ತೂತಿನಲ್ಲಿ ಅವನ ಹವಾಯಿ ಚಪ್ಪಲಿಯ ಅಂಚು ಮಾತ್ರ ಕಾಣುತ್ತಿತ್ತು. ಆ ಚಪ್ಪಲಿಯನ್ನು ಕೇಳಿದೆ.

"ಸಹಿ ಯಾಕೆ ಹಾಕ್ದೆ?"

ಚಪ್ಪಲಿಯ ಅಂಚು ಹಿಂದಕ್ಕೆ ಸರಿಯಿತು.

"ಮಾರಕ್ಕ ಹಾಕಿದ್ಲು. ನಮ್ಮಿಬ್ರಿಗೂ ಇದ್ದಿದ್ದು ಒಂದೇ ಬಾವಿ, ಅವಳ ಕಡೇಲಿತ್ತು. ಜೆಸಿಬಿ ತಂದು ಬಾವಿಗೆ ಮಣ್ಣು ತುಂಬಿದ್ರು. ನೀರಿಲ್ದೆ ಬರೀ ಬಳ್ಳಿ ಇಟ್ಕೊಂಡು ಏನ್ ಮಾಡ್ಲಿ? ನಿನ್ ಕರಪತ್ರ ಹಿಂಡಿ ಬಿಡ್ಲಾ?"

"ನಮ್ಮ ಕಡೆ ಬೋರ್ ಹಾಕಿಸ್ಬಹುದಿತ್ತು."

"ಹಾಕಿಸ್ದೆ. ಎರಡು ಸಲ. ಧೂಳು ಬಂತು. ನೀನು ಧರಣೀಲಿದ್ದೆ."

ಬ್ಲೇಡು ತುಂಡಾಯಿತು. ಹೊಸದು ಹಾಕಿಕೊಂಡೆ.

ನಮ್ಮ ತೋಟಕ್ಕೆ ಬೋರ್‌ವೆಲ್ ಲಾರಿ ಎರಡು ಸಲ ಬಂದು ಹೋದದ್ದು ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ದಿನ ನಾನು ದೇವನಹಳ್ಳಿಯ ಡೇರೆಯಲ್ಲಿದ್ದೆ. ನೆಲದ ಬಗ್ಗೆ ದಿನಾ ಭಾಷಣ ಮಾಡುತ್ತಿದ್ದೆ. ಮನೆಯವರು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೋ ಏನೋ.

ಇದಕ್ಕೆ ಉತ್ತರವಿದೆ. ಒಬ್ಬನ ಬಾವಿ ಮುಚ್ಚಿದರೂ ಎಲ್ಲರೂ ಒಟ್ಟಾಗಿ ನಿಂತಿದ್ದರೆ ಎಂದು ಯಾವುದೋ ಒಂದು ಕರಪತ್ರದಲ್ಲಿ ಓದಿದ್ದೇನೆ. ಹುಡುಕಬೇಕು.

17 ಸೆಪ್ಟೆಂಬರ್, ಬುಧವಾರ

ಮುಗಿಯಿತು. ಏಳು, ಎಂಟು. ಎಂಟನೆಯದು ಬಿಚ್ಚಲಿಲ್ಲ, ತುಂಡಾಯಿತು. "ತುಂಡಾಗೋದೂ ಬಿಚ್ಚೋದೇ ಬಿಡು," ಎಂದ ಅಪ್ಪ.

ಒಂದೊಂದು ಕಡೆ ಒಬ್ಬೊಬ್ಬರು ಹಿಡಿದು ಎರಡೂ ಸೀಟುಗಳನ್ನು ಇಳಿಸಿ ಮನೆ ಮುಂದಿನ ಜಗಲಿಯ ಮೇಲೆ ಇಟ್ಟೆವು. ಸೀಟಿನಡಿಯಲ್ಲಿ ಒಂದು ದ್ರಾಕ್ಷಿ ಕತ್ತರಿ, ಒಣಗಿ ಗೋಲಿಯಾದ ನಿಂಬೆಹಣ್ಣುಗಳು, ಇಲಿಯ ಗೂಡು. ಕತ್ತರಿ ಕಳೆದಾಗ ಅಮ್ಮನ ಮೇಲೆ ಅಪ್ಪ ಕೂಗಾಡಿದ್ದ. ಅದು ಅಮ್ಮನಿಗೆ ಚೆನ್ನಾಗಿ ನೆನಪಿತ್ತು. "ಐದು ವರ್ಷ ಆಯ್ತು. ಈಗಾದ್ರೂ ಹೇಳು, ಯಾರ್ ಕಳೆದಿದ್ದು?" ಎಂದು ಅವನ ಮೂಗಿನ ಕೆಳಗೆ ಕತ್ತರಿ ಹಿಡಿದಳು. ಅಪ್ಪ ನಿಂಬೆಹಣ್ಣು ಎಣಿಸುವವನಂತೆ ನಟಿಸಿದ. ನನಗೆ ನಗು ತಡೆಯಲಾಗಲಿಲ್ಲ. ನಾಳೆ ಗಾಡಿಯನ್ನು ಮುನಿಸ್ವಾಮಿಯ ಹತ್ತಿರ ಒಯ್ದರೆ ಎರಡು ದಿನದ ಕೆಲಸ, ಆಮೇಲೆ ಎಫ್‌ಸಿ. ದಿನಗಳು ಇನ್ನೂ ಇವೆ.

ಅಮ್ಮ ಕಾಫಿ ಇಡಲು ಹೋದಳು. ವೆಲ್ಡಿಂಗಿಗೆ ಚೊಕ್ಕಟವಾಗಿರಲಿ ಎಂದು ಅಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡು ತಗಡಿನ ಅಡಿಯ ಪದರವನ್ನು ಕೆರೆಯತೊಡಗಿದ. ಅಂಗೈಯಗಲದ ಹಕ್ಕಳೆಗಳು ಎದ್ದು ಬಂದವು. ಅವುಗಳ ಹಿಂದೆ ಚಾಸಿ. ಗಾಡಿಯ ಉದ್ದಕ್ಕೂ ಹೋಗುವ, ಎಂಜಿನ್ನು, ಕ್ಯಾಬಿನ್ನು, ಲೋಡು ಎಲ್ಲವನ್ನೂ ಹೊರುವ ದಪ್ಪ ಕಬ್ಬಿಣ. ಅಪ್ಪ ಸುಮ್ಮನೆ ಒತ್ತಿದ. ಸ್ಕ್ರೂಡ್ರೈವರು ಹಿಡಿಯವರೆಗೂ ಒಳಗೆ ಹೋಯಿತು. ಕಳಿತ ಹಲಸಿನ ಹಣ್ಣಿಗೆ ಚಾಕು ಹೋದ ಹಾಗೆ, ಸದ್ದೇ ಇಲ್ಲದೆ.

ಹೊರಗೆಳೆದು ಒಂದು ಮೊಳ ಆಚೆ ಚುಚ್ಚಿದ. ಅಲ್ಲೂ ಹೋಯಿತು.

"ಹೂಂ," ಎಂದ.

ಅಮ್ಮ ಕಾಫಿ ತಂದಳು. ಕುಡಿದೆವು.

18 ಸೆಪ್ಟೆಂಬರ್, ಗುರುವಾರ

ಮುನಿಸ್ವಾಮಿಯನ್ನು ಇಲ್ಲಿಗೇ ಕರೆಸಿದೆವು. ಬಗ್ಗಿ ನೋಡಿ, ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಎದ್ದ. "ತಗಡಾಗಿದ್ರೆ ಹಾಕ್ಕೊಡ್ತಿದ್ದೆ ವೆಂಕಟರಾಯಣ್ಣ. ಇದು ಹಪ್ಪಳ ಆಗೋಗಿದೆ. ಹಪ್ಪಳಕ್ಕೆ ವೆಲ್ಡಿಂಗ್ ಹಿಡಿಯಲ್ಲ." ಕೂಲಿ ಬೇಡವೆಂದು ಹೋದ.

ಸುದ್ದಿ ಕೇಳಿ ಕಾಂತರಾಜು ಬಂದ. "ಅಷ್ಟಕ್ಕೆಲ್ಲಾ ಯಾಕಣ್ಣಾ ತಲೆ ಮೇಲೆ ಕೈ ಹೊತ್ಕೊಂಡಿದೀಯ? ಪುಟ್ಟಿ ಮೆತ್ತು, ಮೇಲೊಂದು ಕೋಟು ಕಪ್ಪು ಪೇಂಟ್ ಹೊಡಿ. ಬ್ರೇಕ್ ಇನ್ಸ್‌ಪೆಕ್ಟರ್ ಬಗ್ಗಿ ನೋಡೋ ಹಾಗಿದ್ರೆ ನಾನ್ಯಾಕ್ ಇರೋದು? ಹೂವಿನ ಲೋಡು, ಕಲ್ಲಿನ ಲೋಡಲ್ಲ."

ಅವನು ಹೋದ ಮೇಲೆ ಯೋಚಿಸಿದೆ. ಏರ್‌ಪೋರ್ಟಿಗೆ ಮಣ್ಣು ಹೊಡೆದ ಟಿಪ್ಪರುಗಳಲ್ಲಿ ಎಷ್ಟಕ್ಕೆ ಬ್ರೇಕಿತ್ತು? ಅವಕ್ಕೆ ಯಾರು ಎಫ್‌ಸಿ ಕೇಳಿದರು? ಅನ್ಯಾಯದ ಮೇಲೆ ನಿಂತಿರುವ ಕಾನೂನಿನಿಂದ ಬಡವ ತಪ್ಪಿಸಿಕೊಂಡರೆ ಅದು ಮೋಸವಲ್ಲ, ಆತ್ಮರಕ್ಷಣೆ. ಕಾಂತರಾಜು ಕೆಟ್ಟವನೇ. ಆದರೆ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಹೂವಿಗೆ ಎಷ್ಟು ತೂಕ?

"ಬಳಿಯೋಣ ಅಪ್ಪ," ಎಂದೆ.

ಅಪ್ಪ ಜಗಲಿಯ ಮೇಲಿನ ಸೀಟಿನ ರೆಕ್ಸಿನ್ ಸವರುತ್ತಿದ್ದ. "ಈ ಪಕ್ಕದ ಸೀಟಲ್ಲಿ ಆದಿನಾರಾಯಣಪ್ಪನ ಮಗಳು ಕೂತ್ಕೋತಾಳೆ. ಕೀರ್ತನ ಅಂತ. ಸಿಟೀಲಿ ಕಾಲೇಜು. ಹೂವಿನ ಜೊತೆ ಅವಳನ್ನೂ ದಿನಾ ಇಳಿಸ್ಬೇಕು ಅಂತಾನೇ ಮಾತಾಗಿರೋದು."

"ನಿಧಾನಕ್ಕೆ ಓಡ್ಸು."

"ನಿಧಾನಕ್ಕೆ ಓಡ್ಸಿದ್ರೆ ನಿಧಾನಕ್ಕೆ ಮುರಿಯುತ್ತಾ?"

"ಬೇರೆ ಗಾಡಿಗಳೆಲ್ಲ ಸರಿಯಾಗಿವೆಯಾ? ಎಲ್ಲರೂ ಮಾಡಲ್ವಾ?"

ಅಪ್ಪ ನನ್ನ ಮುಖವನ್ನೇ ನೋಡಿದ. ಕೆಂಪು ಹೋಗಿದೆ, ಆದರೆ ಆ ಕಣ್ಣು ಇನ್ನೂ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. "ಎಲ್ಲಾರೂ ಹಾಕಿದ್ರು ಅಂತ ನಾನೂ ಒಂದ್ಸಲ ಸಹಿ ಹಾಕ್ದೆ," ಎಂದು ಎದ್ದು ಹೋದ.

19 ಸೆಪ್ಟೆಂಬರ್, ಶುಕ್ರವಾರ

ಬೆಳಗ್ಗೆಯಿಂದ ಅಪ್ಪನ ಜೊತೆ ಮಾತಾಡಲಿಲ್ಲ. ಒಂದು ದಿನ ಇಷ್ಟು ಉದ್ದ ಇರುತ್ತದೆ ಎಂದು ಗೊತ್ತಿರಲಿಲ್ಲ.

21 ಸೆಪ್ಟೆಂಬರ್, ಭಾನುವಾರ

ಅಪ್ಪ ಬೆಳಗಿನ ಬಸ್ಸಿಗೆ ತೂಬಗೆರೆಗೆ ಹೋದ. ಇನ್ನೂ ಹತ್ತು ದಿನ ಸಮಯ ಕೇಳಲು ಹೋಗಿರಬೇಕು ಎಂದುಕೊಂಡೆ. ಮಾಡಿ ತೋರಿಸಿದರೆ ಒಪ್ಪುತ್ತಾನೆ ಎನ್ನಿಸಿತು. ಕಾಂತರಾಜುವಿನ ಮನೆಗೆ ನಾನೇ ಹೋಗಿ ಪುಟ್ಟಿಯ ಡಬ್ಬವನ್ನೂ ಪೇಂಟನ್ನೂ ಕೇಳಿ ತಂದೆ. ಅವನು ನಗಲಿಲ್ಲ, ಲೀಡರ್ ಎಂದೂ ಕರೆಯಲಿಲ್ಲ. "ಬ್ರಷ್ ಇದೆಯಾ ತಾಯಿ?" ಎಂದ ಅಷ್ಟೇ.

ಆರು ಗಂಟೆ ಹೊತ್ತು ಗಾಡಿಯ ಕೆಳಗಿದ್ದೆ. ತೂತುಗಳಿಗೆ ಹಳೇ ಬಟ್ಟೆ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದೆ. ಅಂಚುಗಳನ್ನು ಉಗುರಿನಲ್ಲಿ ತೀಡಿದೆ. ಆಮೇಲೆ ಕಪ್ಪು. ಗೋಡೆ ಬರಹ ಬರೆದು ಅಭ್ಯಾಸವಾದ ಕೈ, ಎಲ್ಲೂ ಇಳಿಯದ ಹಾಗೆ ಒಂದೇ ಸಮ ಬಳಿದೆ. ಮುಗಿಸಿ ನೋಡಿದರೆ ಷೋರೂಮಿನಿಂದ ಬಂದ ಕಬ್ಬಿಣ. ಯಾವ ಇನ್ಸ್‌ಪೆಕ್ಟರು ಬಗ್ಗಿ ನೋಡಿದರೂ ಸರಿಯೇ ಎನ್ನಿಸಿತು. ಇಷ್ಟು ಅಚ್ಚುಕಟ್ಟಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ನಾಲ್ಕು ಗಂಟೆಗೆ ಅಪ್ಪ ಬಂದ. ಟಾರ್ಚ್ ತಂದು ಕುಕ್ಕರಗಾಲಲ್ಲಿ ಕೂತು ಈ ತುದಿಯಿಂದ ಆ ತುದಿಯವರೆಗೆ ಬೆಳಕು ಬಿಟ್ಟು ನೋಡಿದ.

"ಚೆನ್ನಾಗ್ ಬಳ್ದಿದೀಯ. ಎಲ್ಲಿ ಚುಚ್ಚಿದ್ದೆ ಅಂತ ನಂಗೇ ಗೊತ್ತಾಗ್ತಿಲ್ಲ."

ನನಗೆ ಖುಷಿಯಾಯಿತು. ಆಮೇಲೆ ಅವನು ಹೇಳಿದ: "ಬೇರೆ ಗಾಡಿ ನೋಡ್ಕೊಳಿ ಅಂತ ತೂಬಗೆರೇಲಿ ಹೇಳ್ಬಂದೆ."

ಕೂಗಾಡಿದೆ. ಏನೇನು ಎಂದೆನೋ ಎಲ್ಲವೂ ನೆನಪಿಲ್ಲ. ಮಾರಕ್ಕನ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಆ ಗೇಟಿನಲ್ಲಿ ನಿಲ್ಲಲು ನಾಚಿಕೆ ಆಗಲ್ವಾ ನಿನಗೆ ಎಂದದ್ದು ನೆನಪಿದೆ.

"ಆಗುತ್ತೆ ಕಣವ್ವ," ಎಂದ. "ಆ ಹುಡುಗೀಗೆ ಏನಾದ್ರೂ ಆದ್ರೆ ಆಗೋದು ಬರೀ ನಾಚಿಕೆ ಅಲ್ಲ."

ಕೈಗೆ ಹತ್ತಿದ ಕಪ್ಪು ಸೀಮೆಎಣ್ಣೆಗೂ ಹೋಗುತ್ತಿಲ್ಲ. ಅಮ್ಮ ತುತ್ತು ಮಾಡಿ ಉಣ್ಣಿಸಲು ಬಂದಳು. ಬೇಡವೆಂದೆ.

27 ಸೆಪ್ಟೆಂಬರ್, ಶನಿವಾರ

ಹೊಸಕೋಟೆಯಿಂದ ಗುಜರಿಯವರು ಬಂದು ಗ್ಯಾಸಿನಲ್ಲಿ ಕೊಯ್ದು ತುಂಬಿಕೊಂಡು ಹೋದರು. ಮಧ್ಯಾಹ್ನದೊಳಗೆ ಮುಗಿಯಿತು. ಸೀಟುಗಳನ್ನೂ ಕೇಳಿದರು. ಪಕ್ಕದ ಸೀಟನ್ನು ಕೊಟ್ಟ ಅಪ್ಪ, ಡ್ರೈವರ್ ಸೀಟನ್ನು ಕೊಡಲಿಲ್ಲ. "ಇವಳು ರಾಗಿ ಕೇರೋವಾಗ ಕೂತ್ಕೋತಾಳೆ," ಎಂದ. ಅಮ್ಮ ಯಾವತ್ತೂ ನೆಲದ ಮೇಲೆಯೇ ಕೂರುವುದು.

ಗಾಡಿ ನಿಂತಿದ್ದ ಜಾಗದಲ್ಲಿ ಹುಲ್ಲಿಲ್ಲ. ಎಣ್ಣೆಯ ಕಲೆ ಇದೆ.

4 ಅಕ್ಟೋಬರ್, ಶನಿವಾರ

ಕಾಂತರಾಜು ಯೂನಿಫಾರ್ಮ್ ತಂದುಕೊಟ್ಟ. ಪ್ಯಾಂಟು ಉದ್ದ. ಕೆಳಗೆ ಮಡಿಸಿ ಹೊಲಿದೆ. "ಕಂಪನಿಯೋರು ನಲವತ್ತೈದು ದಾಟಿದೋರನ್ನ ತಗೊಳಲ್ಲ ಅಣ್ಣಾ. ಪೇಪರ್ ನಾನ್ ನೋಡ್ಕೋತೀನಿ, ತಲೆ ನೀನ್ ನೋಡ್ಕೊ," ಎಂದು ಅಪ್ಪನ ಕೂದಲಿನ ಕಡೆ ಕೈ ತೋರಿಸಿ ಹೋದ. ಅಪ್ಪನಿಗೆ ಐವತ್ತಾರು.

ಅಂಗಡಿಯಿಂದ ಡೈ ಪುಡಿ ತಂದೆ. ಬಟ್ಟಲಲ್ಲಿ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಚ್ಚಿದೆ. ಅಪ್ಪ ಟವೆಲ್ ಹೊದ್ದು ಮಿಸುಕಾಡದೆ ಕೂತಿದ್ದ. ಹಿಂಭಾಗದಲ್ಲಿ ಕೂದಲು ಎಷ್ಟು ತೆಳುವಾಗಿದೆ! ಮೇಲಿನಿಂದ ನಾನು ಅವನ ತಲೆಯನ್ನು ಯಾವತ್ತೂ ನೋಡಿರಲಿಲ್ಲ.

"ಇದು ಮೋಸ ಅಲ್ವಾ ಅಪ್ಪ?"

"ಮೋಸಾನೇ. ಇದ್ರಿಂದ ಯಾರೂ ಬಿದ್ದು ಸಾಯಲ್ವಲ್ಲ."

ಮೀಸೆಗೂ ಹಚ್ಚಿದೆ. ಕಿವಿಯ ಹಿಂದೆ ಚರ್ಮಕ್ಕೆ ಇಳಿದದ್ದನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸಿದೆ. ತೊಳೆದುಕೊಂಡು ಬಂದ ಮೇಲೆ ಅಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿ, "ಯಾರಪ್ಪಾ ಇದು? ಹೆಣ್ಣು ನೋಡಕ್ ಬಂದಿದ್ದೋನು ಮತ್ತೆ ಬಂದ್ಬಿಟ್ನಲ್ಲ!" ಎಂದಳು. ಅಪ್ಪ ನಕ್ಕ. ಅಮ್ಮ ಒಲೆಯ ಕಡೆ ತಿರುಗಿದವಳು ಬಹಳ ಹೊತ್ತು ಈಚೆ ತಿರುಗಲಿಲ್ಲ.

6 ಅಕ್ಟೋಬರ್, ಸೋಮವಾರ

ಮೊದಲ ದಿನ. ಬೆಳಗ್ಗೆ ಏಳರಿಂದ ಸಂಜೆ ಏಳು. ಅಪ್ಪ ಬಸ್ಸಿಳಿದು ನಡೆದು ಬರುವಷ್ಟರಲ್ಲಿ ಎಂಟಾಗಿತ್ತು.

ಒಳಗೆ ಬರಲಿಲ್ಲ. ಜಗಲಿಯ ಮೇಲಿದ್ದ ಸೀಟಿನಲ್ಲಿ ಕೂತ. ಬೂಟು ಬಿಚ್ಚಲು ಬಗ್ಗಿದವನು ಬಿಚ್ಚದೆ ಹಿಂದಕ್ಕೆ ಒರಗಿದ. ನಾನೇ ಲೇಸು ಸಡಿಲ ಮಾಡಿ ಎಳೆದೆ. ಪಾದಗಳು ಊದಿದ್ದವು. ಕಾಲುಚೀಲದ ಹೆಣಿಗೆ ಕಣಕಾಲಿನ ಮೇಲೆ ಅಚ್ಚಾಗಿತ್ತು.

"ಕೂರೋಕೆ ಕುರ್ಚಿ ಕೊಡಲ್ವಾ?"

"ಬ್ಯಾಗ್ ನೋಡೋ ಹುಡುಗಿಗಿದೆ. ಗೇಟಿಗಿಲ್ಲ. ಕೂತ್ರೆ ನಿದ್ದೆ ಮಾಡ್ತಾರಂತೆ."

"ಊಟಕ್ಕೆ?"

"ನಿಂತ್ಕೊಂಡೇ. ಹತ್ತು ನಿಮಿಷ."

ಹನ್ನೆರಡು ಗಂಟೆ. ನಾಳೆ ಕಾಂತರಾಜುವನ್ನು ಕೇಳುತ್ತೇನೆ, ಒಂದು ಸ್ಟೂಲಾದರೂ ಇಡಿಸು ಎಂದು ಬರೆದುಕೊಡುತ್ತೇನೆ ಎಂದೆ. ಅಪ್ಪ ಕಣ್ಣು ಮುಚ್ಚಿದ್ದವನು ತೆರೆಯಲಿಲ್ಲ. "ಬೇಡ ಕಣವ್ವ. ಒಂದು ವಾರ ಹೋಗ್ಲಿ," ಎಂದ.

ಬರೆದಿದ್ದೇನೆ. ಅರ್ಧ ಪುಟ. ಗೇಟಿಗೆ ಒಂದು ಸ್ಟೂಲು, ಊಟಕ್ಕೆ ಅರ್ಧ ಗಂಟೆ. ಒಂದು ವಾರ ಇಟ್ಟುಕೊಳ್ಳುತ್ತೇನೆ.

ಅಮ್ಮ ಒಳಗಿನಿಂದ ಕರೆದಳು, ಮುದ್ದೆ ಆರುತ್ತದೆ ಬನ್ನಿ ಎಂದು. ಅಪ್ಪ ಎರಡು ಕೈಗಳನ್ನೂ ಸೀಟಿಗೆ ಊರಿ ಏಳಲು ನೋಡಿದ. ಮತ್ತೆ ಕೂತ.

"ಇನ್ನೊಂದ್ಸೊಲ್ಪ ಕೂತಿರ್ತೀನಿ," ಎಂದ.

ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟೆ.